ಮೂವತ್ತೊಂದನೇ ಕ್ಯಾಮೆರಾದ ಗಾಳಿ

ಹನ್ನೊಂದು ವರ್ಷದಿಂದ ಆ ಕಾಡನ್ನು ದಿನಕ್ಕೆ ಎಂಟು ಗಂಟೆ ನೋಡುತ್ತ ಬಂದಿದ್ದರೂ ಹದ್ದಕ್ಕ ಒಂದು ಸಲವೂ ಅದರೊಳಗೆ ಕಾಲಿಟ್ಟಿರಲಿಲ್ಲ. ಕಾಲಿಡುವ ಹಾಗೂ ಇರಲಿಲ್ಲ. ಅದು ಜನ ನೋಡಿ ಹೋಗಲಿ ಎಂದು ಇಟ್ಟ ಕಾಡಲ್ಲ, ಸಂಶೋಧನೆಗೆಂದೇ ಬೇಲಿ ಹಾಕಿ ಬಿಟ್ಟ ಅಭಯಾರಣ್ಯ. ಒಳಗೆ ಹೋಗುವವರು ವರ್ಷಕ್ಕೆ ಹತ್ತೋ ಹನ್ನೆರಡೋ ವಿಜ್ಞಾನಿಗಳು, ಮತ್ತೆ ಇಬ್ಬರು ಕಾವಲುಗಾರರು. ಉಳಿದವರು ಯಾರೇ ಆಗಲಿ ಅದನ್ನು ಚಿತ್ರದಲ್ಲೇ ನೋಡಿ ತೃಪ್ತಿಪಡಬೇಕು.

ಚಿತ್ರಗಳಿಗೇನೂ ಬರವಿರಲಿಲ್ಲ. ಕಾಡಿನ ತುಂಬ ನಲವತ್ತು ಕ್ಯಾಮೆರಾಗಳನ್ನು ಮರಗಳಿಗೆ ಮೊಣಕಾಲೆತ್ತರದಲ್ಲಿ ಕಟ್ಟಿದ್ದರು. ಎದುರಿಗೆ ಬಿಸಿಯಾದದ್ದು ಏನಾದರೂ ಅಲುಗಿದರೆ ಸಾಕು, ಕ್ಯಾಮೆರಾ ತಾನೇ ಚಿತ್ರ ತೆಗೆಯುತ್ತಿತ್ತು. ಆ ದಿನದ ಚಿತ್ರಗಳೆಲ್ಲ ಕಾಡಿನ ನಡುವಿನ ಗೋಪುರದಿಂದ ಸಂಜೆ ಆರಕ್ಕೆ ಪಟ್ಟಣದ ಕಚೇರಿಗೆ ಬಂದು ಬೀಳುತ್ತಿದ್ದವು. ಕಚೇರಿ ಎಂದರೆ ಬಣ್ಣದ ಅಂಗಡಿಯ ಮೇಲಿನ ಒಂದು ಉದ್ದನೆಯ ಕೋಣೆ, ಮೂರು ಕಂಪ್ಯೂಟರು, ಮೂವರು ಹೆಂಗಸರು. ಹಿಂದಿನ ದಿನದ ಒಂದೊಂದು ಚಿತ್ರವನ್ನೂ ಬೆಳಿಗ್ಗೆ ನೋಡಿ ಅದಕ್ಕೊಂದು ಹೆಸರು ಕೊಡುವುದು ಇವರ ಕೆಲಸ: ಜಿಂಕೆ, ಹಂದಿ, ನರಿ, ಮನುಷ್ಯ. ಏನೂ ಇಲ್ಲದೆ ಬರೀ ಎಲೆ ಅಲುಗಿದ ಚಿತ್ರವಾದರೆ ‘ಗಾಳಿ’. ಬಿಸಿಲಿಗೆ ಕಾದ ಎಲೆಯೂ ಆ ಕ್ಯಾಮೆರಾಕ್ಕೆ ಪ್ರಾಣಿಯೇ. ಹಾಗಾಗಿ ನೂರರಲ್ಲಿ ತೊಂಬತ್ತು ಗಾಳಿ. ಗಾಳಿ ನೋಡುವುದಕ್ಕೆ ಸಂಬಳ ಕೊಡುವ ಕಚೇರಿ ಲೋಕದಲ್ಲಿ ಇದೊಂದೇ ಇರಬೇಕು ಎಂದು ಕೆಳಗಿನ ಅಂಗಡಿಯವನು ಆಡಿಕೊಳ್ಳುತ್ತಿದ್ದ.

ಹದ್ದಕ್ಕ ಎಂಬ ಅಡ್ಡಹೆಸರು ಅವಳಿಗೆ ಸುಮ್ಮನೆ ಬಂದದ್ದಲ್ಲ. ಪೊದೆಯೊಳಗೆ ಅರ್ಧ ಕಿವಿ ಕಂಡರೆ ಹೆಣ್ಣು ಜಿಂಕೆ, ಮೂರು ವರ್ಷದ್ದು, ಎಡಗಿವಿ ಹರಿದದ್ದು ಎಂದು ಹೇಳಿಬಿಡುತ್ತಿದ್ದಳು. ವಿಜ್ಞಾನಿಗಳೂ ಸಂಶಯ ಬಂದಾಗ ಅವಳನ್ನೇ ಕೇಳುತ್ತಿದ್ದರು. ಆದರೆ ಕಣ್ಣು ಎಷ್ಟು ಚುರುಕಾದರೇನು, ದಿನಕ್ಕೆ ನಾಲ್ಕು ಸಾವಿರ ಚಿತ್ರ ಎಂದರೆ ಹುಡುಗಾಟವಲ್ಲ. ಕೆಲಸಕ್ಕೆ ಸೇರಿದ ಮೂರನೇ ವರ್ಷ ಅವಳೊಂದು ಉಪಾಯ ಕಂಡುಹಿಡಿದಳು. ಒಂದೇ ಕ್ಯಾಮೆರಾದಿಂದ ಸಾಲಾಗಿ ನೂರು ಚಿತ್ರ ಬಂದಿದ್ದರೆ ಮೊದಲನೆಯದು ನೋಡು, ಕೊನೆಯದು ನೋಡು. ಎರಡರಲ್ಲೂ ಎಲೆಯಷ್ಟೇ ಇದ್ದರೆ ನಡುವಿನದನ್ನೆಲ್ಲ ಒಟ್ಟಿಗೆ ಆರಿಸಿ ‘ಗಾಳಿ’ ಒತ್ತು. ನಿರ್ದೇಶಕರು ಸಭೆಯಲ್ಲಿ ಅವಳನ್ನು ಎಬ್ಬಿಸಿ ನಿಲ್ಲಿಸಿ ಹೊಗಳಿದರು. ಉಳಿದಿಬ್ಬರಿಗೆ ಅವಳೇ ಕಲಿಸಿಕೊಟ್ಟಳು.

ಇಬ್ಬರು ಕಾವಲುಗಾರರಲ್ಲಿ ಕಿರಿಯವನನ್ನು ಅವಳು ಅಣ್ಣ ಎನ್ನುತ್ತಿದ್ದಳು. ಕ್ಯಾಮೆರಾ ಸರಿಪಡಿಸಿದಾಗಲೆಲ್ಲ ಅವನು ಅದರ ಮುಂದೆ ನಿಂತು ನಂಬರು ಬರೆದ ಹಲಗೆ ತೋರಿಸುತ್ತಿದ್ದ. ಕ್ಯಾಮೆರಾ ಇರುವುದು ಮೊಣಕಾಲೆತ್ತರದಲ್ಲಾದ್ದರಿಂದ ಅವಳಿಗೆ ಅವನ ಮುಖಕ್ಕಿಂತ ಮೊಣಕಾಲೇ ಹೆಚ್ಚು ಪರಿಚಯ. ತಿಂಗಳಿಗೊಮ್ಮೆ ಬ್ಯಾಟರಿ ಒಯ್ಯಲು ಕಚೇರಿಗೆ ಬರುತ್ತಿದ್ದ. ಬಂದವನು ಸ್ಟೂಲಿನ ಮೇಲೆ ಕೂತು ಟೀ ಕುಡಿಯುತ್ತ, “ಕಾಡಲ್ಲಿ ಇರುವೆ ಸೀನಿದ್ರೂ ನಮ್ಮ ತಂಗಿಗೆ ಗೊತ್ತಾಗುತ್ತೆ. ನಾನು ಅಲ್ಲಿ ಬೀಡಿ ಸೇದೋಕೂ ಹೆದರ್ತೀನಿ” ಎಂದು ಎಲ್ಲರೆದುರು ರೇಗಿಸುತ್ತಿದ್ದ. ಹದ್ದಕ್ಕ ಎಂದು ಹೆಸರಿಟ್ಟವನೂ ಅವನೇ.

ಕೊನೆಯ ಸಲ ಬಂದಾಗ ಅವನು ನಗಲಿಲ್ಲ. ಟೀ ಅರ್ಧ ಬಿಟ್ಟ. ಏನೋ ಮನೆಯ ವಿಷಯ ಇರಬೇಕೆಂದು ಅವಳೂ ಕೆದಕಲಿಲ್ಲ. ಕೆದಕುವುದು ಬಿಟ್ಟು ತನ್ನ ದೂರು ಹೇಳಿಕೊಂಡಳು. ಮೂವತ್ತೊಂದನೇ ಕ್ಯಾಮೆರಾದ ಮುಂದೆ ಒಂದು ಕೊಂಬೆ ಬಾಗಿದೆ, ಬಿಸಿಲು ಬಿದ್ದರೆ ಸಾಕು ಚಿತ್ರದ ಮೇಲೆ ಚಿತ್ರ ಕಾರುತ್ತದೆ, ಗಾಳಿ ನೋಡಿ ನೋಡಿ ಸಾಕಾಗಿದೆ, ಈ ಸುತ್ತಿನಲ್ಲಿ ಮೊದಲು ಅದನ್ನು ಕಡಿದು ಬನ್ನಿ ಎಂದಳು. ಕಡಿದರಾಯ್ತು ಬಿಡು ತಂಗಿ ಎಂದು ಅವನು ಬ್ಯಾಟರಿ ಚೀಲ ಹೆಗಲಿಗೇರಿಸಿದ.

ಒಂದು ಸುತ್ತು ಎಂದರೆ ಎಂಟು ದಿನ. ಪ್ರಾಣಿಗಳು ಮರಿ ಹಾಕುವ ಕಾಲದಲ್ಲಿ ಒಬ್ಬನೇ ಹೋಗಬೇಕು, ಗದ್ದಲ ಮಾಡುವಂತಿಲ್ಲ, ಯಾರೂ ಹಿಂದೆ ಹೋಗಿ ವಿಚಾರಿಸುವಂತಿಲ್ಲ. ಎಂಟನೇ ದಿನ ಅವನು ಬರಲಿಲ್ಲ. ಒಂಬತ್ತನೇ ದಿನ ಹಿರಿಯ ಕಾವಲುಗಾರ ಹುಡುಕಿಕೊಂಡು ಹೋದ. ಎಲ್ಲರೂ ಅವನನ್ನು ಅಜ್ಜ ಎನ್ನುತ್ತಿದ್ದರು. ಅಣ್ಣ ಮೂವತ್ತೊಂದನೇ ಕ್ಯಾಮೆರಾದ ಪಕ್ಕದ ಬಂಡೆಯ ಬುಡದಲ್ಲಿದ್ದ. ಅವನು ಎನ್ನುವುದಕ್ಕಿಂತ, ಕಾಡು ಉಳಿಸಿದ್ದು ಅಲ್ಲಿತ್ತು. ವಾಕಿಟಾಕಿ ಎರಡು ಹೋಳಾಗಿ ಬಂಡೆಯ ಅರ್ಧದಲ್ಲೇ ಸಿಕ್ಕಿಕೊಂಡಿತ್ತು. ಬಿದ್ದ ಕೂಡಲೇ ಜೀವ ಹೋಗಿದೆ, ನೋವು ಗೊತ್ತಾಗಿಲ್ಲ ಎಂದು ನಿರ್ದೇಶಕರು ಸತ್ತವನನ್ನೇ ಕೇಳಿಕೊಂಡು ಬಂದವರ ಹಾಗೆ ಅವನ ಹೆಂಡತಿಗೆ ಹೇಳಿದರು. ಹೆಣವಿಟ್ಟ ಪೆಟ್ಟಿಗೆಯನ್ನು ತೆರೆಯಲಿಲ್ಲ. ಆಕೆಯ ಕೈಗೆ ಬಂದದ್ದು ಒಂದು ಗಡಿಯಾರ, ಒಂದು ಜೊತೆ ಬೂಟು.

ಮೂವತ್ತೊಂದು ಎಂಬ ಸಂಖ್ಯೆ ಕಿವಿಗೆ ಬಿದ್ದಾಗ ಹದ್ದಕ್ಕನಿಗೆ ತಾನು ಕಡಿಯಲು ಹೇಳಿದ ಕೊಂಬೆ ನೆನಪಾಯಿತು. ಆ ಸಂಜೆ ಉಳಿದಿಬ್ಬರು ಹೋಗುವವರೆಗೆ ಏನೇನೋ ನೆಪ ಹೇಳಿ ಕುಳಿತಳು. ಆಮೇಲೆ ಗಾಳಿ ಚಿತ್ರಗಳನ್ನು ತುಂಬಿಡುವ ಕಡತ ತೆರೆದಳು. ಸುತ್ತಿನ ಮೂರನೇ ದಿನ ಮೂವತ್ತೊಂದನೇ ಕ್ಯಾಮೆರಾದಿಂದ ಬಂದದ್ದು ನೂರ ಇಪ್ಪತ್ತೊಂದು ಚಿತ್ರ. ನಾಲ್ಕನೇ ದಿನ ತೊಂಬತ್ತೊಂದು. ಒಟ್ಟು ಇನ್ನೂರ ಹನ್ನೆರಡನ್ನೂ ಎರಡು ಬೆಳಿಗ್ಗೆಗಳಲ್ಲಿ ಎರಡೇ ಒತ್ತಿಗೆ ಗಾಳಿ ಮಾಡಿದವಳು ಅವಳೇ. ಅಣ್ಣ ಇನ್ನೂ ಕೊಂಬೆ ಕಡಿದಿಲ್ಲ, ಸೋಮಾರಿ, ಎಂದು ಗೊಣಗಿಕೊಂಡದ್ದೂ ನೆನಪಿತ್ತು.

ಈಗ ಒಂದೊಂದಾಗಿ ನೋಡಿದಳು. ಹಿಂದಿನ ಹುಲ್ಲು ಒಂದೆಳೆಯೂ ಅಲುಗಿಲ್ಲ. ಪಕ್ಕದ ಗಿಡ ಅಲುಗಿಲ್ಲ. ಆ ಒಂದೇ ಕೊಂಬೆ, ಮೇಲೆ ಕೆಳಗೆ, ಮೇಲೆ ಕೆಳಗೆ. ಮೂರು ಸಲ ಅಲುಗಿ ಸ್ವಲ್ಪ ಬಿಡುವು, ಮತ್ತೆ ಮೂರು ಸಲ. ಮೊದಲ ದಿನದ ನಡುವಿನ ನಲವತ್ತು ಚಿತ್ರಗಳಲ್ಲಿ ಕೊಂಬೆಯ ತುದಿಗೆ ಒಂದು ಬಿಳಿಯ ಕರವಸ್ತ್ರ ಕಟ್ಟಿತ್ತು. ಮೊದಲ ಚಿತ್ರದಲ್ಲಿ ಅದಿಲ್ಲ, ಕೊನೆಯದರಲ್ಲಿ ಉದುರಿಹೋಗಿದೆ. ಅವಳು ನೋಡಿದ್ದು ಮೊದಲನೆಯದು ಮತ್ತು ಕೊನೆಯದು.

ಬಿದ್ದವನ ಕೈಗೆ ಆ ಕೊಂಬೆಯ ಬುಡ ಎಟುಕಿತ್ತು. ಬಿಸಿಲಿಗೆ ಕಾದ ಎಲೆ ಅಲುಗಿದರೆ ಕ್ಯಾಮೆರಾ ಚಿತ್ರ ತೆಗೆಯುತ್ತದೆ ಎಂದು ಅವನಿಗೆ ಗೊತ್ತು. ಚಿತ್ರ ಸಂಜೆ ಆರಕ್ಕೆ ಎಲ್ಲಿಗೆ ಹೋಗುತ್ತದೆ, ಬೆಳಿಗ್ಗೆ ಯಾರು ನೋಡುತ್ತಾರೆ ಎಂದೂ ಗೊತ್ತು. ಇರುವೆ ಸೀನಿದರೂ ಗೊತ್ತಾಗುವವಳು ನೋಡುತ್ತಾಳೆ. ಮೊದಲ ದಿನದ ಚಿತ್ರಗಳನ್ನು ಅವಳು ಗಾಳಿ ಮಾಡುವ ಹೊತ್ತಿಗೆ ಅವನು ಎರಡನೇ ದಿನದ ಬಿಸಿಲಿಗಾಗಿ ಕಾಯುತ್ತಿದ್ದ. ಆಗಲೇ ಕಚೇರಿಯಿಂದ ಜೀಪು ಹೊರಟಿದ್ದರೆ ನಾಲ್ಕು ಗಂಟೆಯ ದಾರಿ.

ಇದನ್ನು ಅವಳು ಯಾರಿಗೂ ಹೇಳಲಿಲ್ಲ. ಬಿಸಿ ತುಪ್ಪದ ಹಾಗೆ, ನುಂಗಲೂ ಆಗದು, ಉಗುಳಲೂ ಆಗದು. ಗಾಳಿ ಚಿತ್ರಗಳು ಮೂವತ್ತು ದಿನಕ್ಕೆ ತಾವಾಗಿಯೇ ಅಳಿಸಿಹೋಗುತ್ತವೆ. ಜಾಗ ಉಳಿಸಲು ಕಚೇರಿ ಮಾಡಿಕೊಂಡ ಏರ್ಪಾಡು. ಅವಳು ಅವನ್ನು ಅಳಿಸಲಿಲ್ಲ, ಉಳಿಸಲೂ ಇಲ್ಲ. ದಿನ ಎಣಿಸುತ್ತ ಕುಳಿತಳು. ತನ್ನ ಕೈಗೆ ಕೆಸರಾಗದೆ ಯಂತ್ರವೇ ತೊಳೆದುಬಿಡಲಿ ಎಂಬ ಆಸೆ ಅವಳಿಗಿತ್ತು. ಅದನ್ನು ಆಸೆ ಎನ್ನಲು ಅವಳಿಗೇ ನಾಚಿಕೆಯಾಗುತ್ತಿತ್ತು.

ಆ ಚಿತ್ರಗಳು ಬಂದ ಇಪ್ಪತ್ತೆಂಟನೇ ದಿನ ಅಣ್ಣನ ಹೆಂಡತಿ ಆ ಜಾಗ ನೋಡಲು ಹೊರಟಳು. ಆಕೆ ಪಟ್ಟಣದ ಬಸ್‌ ನಿಲ್ದಾಣದ ಹಿಂದೆ ಹೊಲಿಗೆ ಯಂತ್ರ ಇಟ್ಟುಕೊಂಡ ಹೆಂಗಸು, ಐವತ್ತರ ಹತ್ತಿರದವಳು, ಮಾತು ಕಡಿಮೆ. ಹೊರಗಿನವರು ಒಳಗೆ ಹೋಗಬಾರದೆಂಬ ನಿಯಮವನ್ನು ನಿರ್ದೇಶಕರು ಒಂದು ದಿನದ ಮಟ್ಟಿಗೆ ಸಡಿಲಿಸಿದರು. ಜೊತೆಗೆ ಒಬ್ಬ ಹೆಂಗಸು ಇರಲಿ ಎಂದಾಗ ಆಕೆ ಹದ್ದಕ್ಕನನ್ನೇ ಕೇಳಿದಳು. ಅವರು ಮನೆಯಲ್ಲಿ ದಿನಾ ನಿನ್ನ ಮಾತೇ ಆಡೋರು, ನೀನೇ ಬಾ ತಂಗಿ ಎಂದಳು. ಬರುವುದಿಲ್ಲ ಎನ್ನಲು ಹದ್ದಕ್ಕನಿಗೆ ಯಾವ ಬಾಯಿತ್ತು?

ಜೀಪು ಓಡಿಸಿದವನು ಅಜ್ಜ. ಗೇಟಿನ ಬಳಿ ಇಬ್ಬರನ್ನೂ ಇಳಿಸಿದ. ಹೊರಗಿನ ಬೀಜ ಒಳಗೆ ಬರಬಾರದು, ಅದು ಇಲ್ಲಿನ ಮೊದಲ ಕಟ್ಟಳೆ. ಚಪ್ಪಲಿಯ ಅಡಿಯನ್ನು ಬ್ರಷ್ಷಿನಿಂದ ಉಜ್ಜಿ ಔಷಧದ ನೀರಿನಲ್ಲಿ ಅದ್ದಬೇಕು, ಜೇಬು ಒಳಹೊರಗು ಮಾಡಿ ಕೊಡವಬೇಕು. ಅತ್ತಿಗೆಯ ಚೀಲದಲ್ಲಿ ಹೂವಿತ್ತು. ಅಲ್ಲಿ ಇಡಲೆಂದು ತಂದದ್ದು. ಅಜ್ಜ ತಲೆ ತಗ್ಗಿಸಿಕೊಂಡೇ ಅದನ್ನು ಇಸಿದುಕೊಂಡು ಗೇಟಿನ ಕೋಣೆಯ ಮೇಜಿನ ಮೇಲಿಟ್ಟ. ಒಳಗಿನದೂ ಹಾಗೆಯೇ, ಒಂದು ಗರಿಯನ್ನೂ ಹೊರಗೆ ಒಯ್ಯುವಂತಿಲ್ಲ ಎಂದು ಮೆಲ್ಲಗೆ ಸೇರಿಸಿದ. ಸತ್ತ ಗಂಡನಿಗೆ ಹೂವಿಡಲೂ ಪರವಾನಗಿ ಬೇಕಾದ ಜಾಗ ಅದು.

ಜೀಪಿನ ದಾರಿ ಮುಗಿದ ಮೇಲೆ ಒಂದು ಗಂಟೆ ನಡಿಗೆ. ಅಜ್ಜ ಮುಂದೆ, ಇವರಿಬ್ಬರು ಹಿಂದೆ. ಹದ್ದಕ್ಕನಿಗೆ ಒಂದು ವಿಚಿತ್ರವಾಯಿತು. ಅಡುಗೆಮನೆಯಷ್ಟು ಪರಿಚಯದ ಕಾಡು ಎಂದುಕೊಂಡಿದ್ದವಳಿಗೆ ಇಲ್ಲಿ ಯಾವುದೂ ಗುರುತು ಸಿಗಲಿಲ್ಲ. ಮರಗಳು ಇಷ್ಟು ಎತ್ತರವೆಂದು ಅವಳಿಗೆ ಗೊತ್ತೇ ಇರಲಿಲ್ಲ. ಚಿತ್ರದಲ್ಲಿ ವಾಸನೆಯೂ ಇರುತ್ತಿರಲಿಲ್ಲ, ಇಲ್ಲಿ ಕೊಳೆತ ಎಲೆಯ ವಾಸನೆ ಮೂಗಿಗೆ ಅಡರಿ ಗಂಟಲಿಗಿಳಿಯುತ್ತಿತ್ತು. ಹೆಜ್ಜೆ ಹೆಜ್ಜೆಗೂ ಹಿಂದಕ್ಕೆ ಓಡಿಬಿಡೋಣ ಅನಿಸುತ್ತಿತ್ತು.

ಅರ್ಧ ದಾರಿಯಲ್ಲಿ ಅತ್ತಿಗೆ ಅವಳ ಕೈ ಹಿಡಿದು ನಿಲ್ಲಿಸಿದಳು. ಅಜ್ಜ ದೂರವಾಗುವವರೆಗೆ ಕಾದಳು.

“ತಂಗಿ, ನಿನ್ನ ಹತ್ರ ಒಂದು ಮಾತು ಕೇಳಬೇಕು. ಅದಕ್ಕೇ ನಿನ್ನ ಕರ್ಕೊಂಡು ಬಂದದ್ದು. ಅವರು ಬಿದ್ದದ್ದಾ, ಹಾರಿದ್ದಾ?”

ಹದ್ದಕ್ಕ ದೂರ ಹೋಗುತ್ತಿದ್ದ ಅಜ್ಜನ ಬೆನ್ನು ನೋಡಿದಳು.

ಆಕೆ ಹೇಳಿಕೊಂಡಳು. ಸುತ್ತಿಗೆ ಹೊರಡುವ ಹಿಂದಿನ ದಿನ ಮನೆಯಲ್ಲಿ ಜಗಳವಾಗಿತ್ತು. ಕಾಡು ಬಿಟ್ಟು ಪಟ್ಟಣದಲ್ಲೇ ಏನಾದರೂ ನೋಡಿಕೊಳ್ಳಿ, ಮಗಳು ದೊಡ್ಡವಳಾಗುತ್ತಿದ್ದಾಳೆ, ಅಪ್ಪನ ಮುಖ ನೋಡುವುದು ತಿಂಗಳಿಗೆ ಆರು ದಿನ ಎಂದು ಆಕೆ ಶುರುಮಾಡಿದ್ದಳು. ಅವನು ಹ್ಞೂಂ ಅನ್ನಲಿಲ್ಲ, ಉಹ್ಞೂಂ ಅನ್ನಲಿಲ್ಲ. ಅವನ ಆ ಮೌನಕ್ಕೆ ಆಕೆಯ ನಾಲಿಗೆ ಹದ ತಪ್ಪಿತು.

“ಹೋಗಿ, ಅಲ್ಲೇ ಸಾಯಿರಿ, ಹೆಣ ನೋಡೋಕೂ ನಾನು ಬರಲ್ಲ ಅಂದೆ. ಊಟ ಬಿಟ್ಟು ಎದ್ದು ಹೋದ್ರು. ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು. ಇಪ್ಪತ್ತು ವರ್ಷ ಆ ಬಂಡೆ ಮೇಲೆ ಆಡಿನ ಹಾಗೆ ಓಡಾಡಿದವರು ತಂಗಿ. ಅವರ ಕಾಲು ಜಾರುತ್ತಾ? ನನ್ನ ಮಾತೇ ಅವರನ್ನ ತಳ್ಳಿತು. ಮಗಳು ಕೇಳ್ತಾಳೆ, ಅಪ್ಪ ಹೋಗುವಾಗ ಏನಂದ್ರು ಅಂತ. ನಾನು ಏನಂದೆ ಅಂತ ಹ್ಯಾಗೆ ಹೇಳಲಿ? ಮಶೀನಿನ ಮುಂದೆ ಕೂತ್ರೆ ಸೂಜಿ ಕೆಳಗೆ ಬೆರಳಿಟ್ಟುಬಿಡೋಣ ಅನಿಸುತ್ತೆ.”

ಆಕೆಯ ಎಡಗೈಯ ತೋರುಬೆರಳಿಗೆ ಬಟ್ಟೆ ಸುತ್ತಿತ್ತು. ಬೆಳಿಗ್ಗೆಯಿಂದ ಅದು ಕಂಡಿದ್ದರೂ ಹದ್ದಕ್ಕ ನೋಡಿರಲಿಲ್ಲ.

ಹಾರಲಿಲ್ಲ ಎನ್ನಲು ಒಂದು ಕ್ಷಣ ಸಾಕಿತ್ತು. ಆದರೆ ನಿನಗೆ ಹೇಗೆ ಗೊತ್ತು ಎಂದು ಆಕೆ ಕೇಳಿದರೆ? ಈ ಲೋಕದಲ್ಲಿ ಅವನು ಬದುಕಲು ಒದ್ದಾಡಿದ ಎಂಬುದಕ್ಕೆ ಇರುವ ಸಾಕ್ಷಿ ಒಂದೇ, ಅದೇ ಸಾಕ್ಷಿ ಹದ್ದಕ್ಕನ ಕುತ್ತಿಗೆಗೂ ಹಗ್ಗ. ಇನ್ನೆರಡು ದಿನ ಬಾಯಿ ಮುಚ್ಚಿಕೊಂಡಿದ್ದರೆ ಹಗ್ಗವೂ ಇಲ್ಲ, ಸಾಕ್ಷಿಯೂ ಇಲ್ಲ. ಏನೇನೋ ಯೋಚನೆ ಮಾಡಬೇಡಿ ಅತ್ತಿಗೆ, ನಿರ್ದೇಶಕರೇ ಹೇಳಿದ್ದಾರಲ್ಲ ಎಂದಳು. ತನ್ನ ದನಿ ತನಗೇ ಹೇಸಿಗೆಯಾಯಿತು. ಅತ್ತಿಗೆ ಕೈ ಬಿಟ್ಟು ಮುಂದೆ ನಡೆದಳು.

ಮೂವತ್ತೊಂದು ಬಂದಾಗ ಹದ್ದಕ್ಕನಿಗೆ ಅದೂ ಗೊತ್ತಾಗಲಿಲ್ಲ. ಮೂರಾಳೆತ್ತರದ ಒಂದು ಕಡಿದಾದ ಬಂಡೆ, ಕೆಳಗೆ ಕಲ್ಲುಗಳ ರಾಶಿ, ಪಕ್ಕದಲ್ಲಿ ಪ್ರಾಣಿಗಳು ನೀರಿಗೆ ಹೋಗುವ ಕಾಲುದಾರಿ. ಅಜ್ಜ ಎರಡು ಕಲ್ಲುಗಳ ನಡುವಿನ ಸಂದು ತೋರಿಸಿದ. ಕಾಲು ಇಲ್ಲಿ ಸಿಕ್ಕಿಕೊಂಡಿತ್ತು, ಬಿಡಿಸೋಕೆ ಕಲ್ಲು ಸರಿಸಬೇಕಾಯ್ತು ಎಂದು ಇಷ್ಟೇ ಹೇಳಿ ಕ್ಯಾಮೆರಾದ ಗಾಜು ಒರೆಸಲು ಹೋದ. ಅತ್ತಿಗೆ ಆ ಕಲ್ಲಿನ ಮೇಲೆ ಅಂಗೈ ಇಟ್ಟು ನಿಂತಳು. ಹೂವಿಲ್ಲದ ಕೈಗೆ ಏನು ಮಾಡಬೇಕೆಂದು ತಿಳಿಯದ ಹಾಗಿತ್ತು.

ಹದ್ದಕ್ಕ ಕ್ಯಾಮೆರಾದ ಮರದ ಬಳಿ ಹೋಗಿ ಕುಕ್ಕರಗಾಲಿನಲ್ಲಿ ಕೂತಳು. ಕೂತ ತಕ್ಷಣ ಕಾಡು ಅವಳ ಕಾಡಾಯಿತು. ಎಡಕ್ಕೆ ಬಿರುಕು ಬಿಟ್ಟ ಬೇರು, ನಡುವೆ ಹುಲ್ಲು ಬೆಳೆದ ಬಯಲು ಜಾಗ, ಬಲಕ್ಕೆ ಎರಡು ಕವಲಿನ ಗಿಡ. ಮೇಲಿನ ಮೂಲೆಯಿಂದ ಒಳಕ್ಕೆ ಬಾಗಿದ ಆ ಕೊಂಬೆ. ಇನ್ನೂ ಅದನ್ನು ಯಾರೂ ಕಡಿದಿರಲಿಲ್ಲ. ಕಣ್ಣಿನಲ್ಲೇ ಅದರ ಬುಡಕ್ಕೆ ಹೋದಳು. ಕಲ್ಲಿನ ಸಂದಿನಿಂದ ಕೈ ಚಾಚಿದರೆ ಎಟುಕುವ ಜಾಗದಲ್ಲಿ ಒಂದು ಗೇಣಿನಷ್ಟು ತೊಗಟೆ ಸುಲಿದು ಹೋಗಿ ಒಳಗಿನ ಬಿಳಿ ಕಂದುಬಣ್ಣಕ್ಕೆ ತಿರುಗಿತ್ತು. ಮರಕ್ಕೆ ಮೈ ಉಜ್ಜಿದ ಜಿಂಕೆಯ ಕೆಲಸ ಅದಲ್ಲ ಎಂದು ಹೇಳಲು ಹದ್ದಿನ ಕಣ್ಣೇನೂ ಬೇಕಿರಲಿಲ್ಲ.

“ಇದು ಅವರದ್ದೇ” ಎಂದಳು ಅತ್ತಿಗೆ.

ಆಕೆ ದಾರಿಯ ಆಚೆ ಬದಿಯಲ್ಲಿ, ಕೊಂಬೆಯ ತುದಿಯ ಕೆಳಗೆ, ಎಲೆಗಳ ನಡುವಿನಿಂದ ಏನನ್ನೋ ಎತ್ತಿಕೊಂಡಿದ್ದಳು. ಮಣ್ಣುಬಣ್ಣಕ್ಕೆ ತಿರುಗಿದ ಕರವಸ್ತ್ರ. ಅಂಚಿನ ಹೊಲಿಗೆಯ ಮೇಲೆ ಬೆರಳಾಡಿಸಿದಳು. ಅಂಗಿ ಹೊಲಿದು ಉಳಿದ ಬಟ್ಟೆಯಲ್ಲಿ ಆಕೆಯೇ ಅಂಚು ಮಡಿಸಿ ಹೊಲಿದುಕೊಟ್ಟದ್ದು, ವರ್ಷಕ್ಕೆ ಆರು. ಅಜ್ಜ ತಿರುಗಿ ನೋಡಿದ. ಒಳಗಿನದು ಹೊರಗೆ ಹೋಗಬಾರದು ಎಂಬ ಮಾತು ಅವನ ಬಾಯಿಯವರೆಗೆ ಬಂದಿರಬೇಕು. ಬಂದ ಮಾತನ್ನು ನುಂಗಿ, ನೀರಿನ ಹೊಂಡ ನೋಡಿ ಬರುತ್ತೇನೆ ಎಂದು ದಾರಿಯಲ್ಲಿ ಇಳಿದುಹೋದ. ಮುದುಕ ಅಷ್ಟು ನಿಯಮ ಮುರಿದದ್ದು ಅವನ ಜೀವನದಲ್ಲಿ ಅದೇ ಮೊದಲು.

“ಇದಕ್ಕೆ ಗಂಟು ಹಾಕಿದೆ” ಎಂದಳು ಅತ್ತಿಗೆ. ಮೂಲೆಗಳನ್ನು ಸೇರಿಸಿ ಎರಡು ಸಲ ಬಿಗಿದ ಗಂಟು, ನಡುವೆ ಕಡ್ಡಿ ತೂರುವಷ್ಟು ಕಂಡಿ. ಕೈಗೆ ಎಟುಕದ ಕೊಂಬೆಯ ತುದಿಗೆ ಕಡ್ಡಿಯಿಂದಲೇ ಅದನ್ನು ಏರಿಸಿರಬೇಕು. “ಅವರು ಬಿದ್ದದ್ದು ಅಲ್ಲಿ. ಇದು ಇಲ್ಲಿದೆ. ಬಿದ್ದ ಕೂಡ್ಲೇ ಜೀವ ಹೋದವರು ಗಂಟು ಯಾವಾಗ ಹಾಕಿದ್ರು, ತಂಗಿ?”

ಹದ್ದಕ್ಕ ಕೂತಲ್ಲಿಂದ ಏಳಲಿಲ್ಲ. ಎದ್ದರೆ ಸುಳ್ಳು ಹೇಳಿಬಿಡುತ್ತೇನೆ ಎಂದು ಅವಳಿಗೆ ಖಾತ್ರಿಯಿತ್ತು.

“ಅವರು ಹಾರ್ಲಿಲ್ಲ ಅತ್ತಿಗೆ. ಜಾರಿ ಬಿದ್ರು. ಎರಡು ದಿನ ಬದುಕಿದ್ರು. ಈ ಕೊಂಬೆ ಅಲ್ಲಾಡಿಸಿ ಅಲ್ಲಾಡಿಸಿ ಕರೆದ್ರು. ಇನ್ನೂರ ಹನ್ನೆರಡು ಸಲ. ಅದಕ್ಕೆ ಈ ಕರವಸ್ತ್ರ ಕಟ್ಟಿದ್ರು. ಕರೆದದ್ದು ನನ್ನನ್ನ. ಎಲ್ಲಾ ಚಿತ್ರ ನನ್ನ ಮುಂದೆ ಬಂತು. ನಾನು ಗಾಳಿ ಅಂತ ಒತ್ತಿಬಿಟ್ಟೆ.”

ಉಳಿದದ್ದನ್ನೂ ಹೇಳಿದಳು. ಕೊಂಬೆ ಕಡಿದು ಬನ್ನಿ ಎಂದು ಅವನನ್ನು ಮೊದಲು ಇಲ್ಲಿಗೆ ಕಳಿಸಿದ್ದು ತಾನು ಎಂದಳು. ಮೊದಲನೆಯದು ಕೊನೆಯದು ನೋಡುವ ಉಪಾಯ ತನ್ನದು ಎಂದಳು. ಮೂರು ವಾರದಿಂದ ತನಗೆ ಎಲ್ಲ ಗೊತ್ತು, ಚಿತ್ರಗಳು ತಾವಾಗಿ ಅಳಿಸಿಹೋಗಲಿ ಎಂದು ಕಾಯುತ್ತಿದ್ದೆ ಎಂದಳು. ಅತ್ತಿಗೆ ಹೊಡೆಯುತ್ತಾಳೆ ಎಂದುಕೊಂಡಳು. ಹೊಡೆದಿದ್ದರೆ ಚೆನ್ನಾಗಿತ್ತು.

ಅತ್ತಿಗೆ ಹುಲ್ಲಿನ ಮೇಲೆ ಕುಸಿದು ಕೂತಳು. ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ಸದ್ದಿಲ್ಲದ ಅಳು, ಆದರೆ ಇಡೀ ಮೈ ಅಲುಗುತ್ತಿತ್ತು. ಒಂದು ತಿಂಗಳಿನಿಂದ ಎದೆಯ ಮೇಲಿದ್ದ ಕಲ್ಲು ಇಳಿದದ್ದಕ್ಕೆ ಅತ್ತಳೋ, ಅದರ ಜಾಗಕ್ಕೆ ಬಂದು ಕೂತ ಇನ್ನೊಂದಕ್ಕೆ ಅತ್ತಳೋ, ಹದ್ದಕ್ಕನಿಗೆ ತಿಳಿಯಲಿಲ್ಲ. ಬಹುಶಃ ಆಕೆಗೂ ತಿಳಿದಿರಲಿಲ್ಲ. ಅಲುಗಿದ್ದಕ್ಕೆಲ್ಲ ಕ್ಯಾಮೆರಾ ತನ್ನ ಪಾಡಿಗೆ ಚಿತ್ರ ತೆಗೆಯುತ್ತಿತ್ತು.

“ಬರಬೇಕು ಅಂತಲೇ ಇದ್ರು” ಎಂದಳು ಅತ್ತಿಗೆ. “ನನ್ನ ಹತ್ರ ವಾಪಸ್ ಬರಬೇಕು ಅಂತಲೇ ಇದ್ರು.”

ಆಮೇಲೆ ಮುಖ ಒರೆಸಿಕೊಂಡು ಹದ್ದಕ್ಕನ ಕಡೆ ನೋಡಿದಳು. “ಆ ಚಿತ್ರ ಇನ್ನೂ ಇದಾವಾ?”

“ಇದಾವೆ. ನಾಡಿದ್ದಿನವರೆಗೆ.”

“ನೀವು ನನಗೆ ತೋರಿಸಬೇಕು” ಎಂದಳು.

ನೀನು ಹೋಗಿ ನೀವು ಬಂದಿತ್ತು, ತಂಗಿ ಹೋಗಿ ಏನೂ ಬಂದಿರಲಿಲ್ಲ. ಬೈಗುಳವಾದರೆ ಎರಡು ದಿನಕ್ಕೆ ಮರೆತುಹೋಗುತ್ತದೆ. ಈ ಮರ್ಯಾದೆ ಸಾಯುವವರೆಗೆ ಕುಟುಕುತ್ತದೆ ಎಂದು ಹದ್ದಕ್ಕನಿಗೆ ಆಗಲೇ ಗೊತ್ತಾಯಿತು.

ಅಜ್ಜ ವಾಪಸು ಬಂದಾಗ ಸೊಂಟದ ಕತ್ತಿ ತೆಗೆದು, ಇದನ್ನ ಕಡಿಯೋಕೇ ಬಂದಿದ್ದ ಪಾಪ, ಈಗಾದರೂ ಕಡಿದುಬಿಡಲಾ ಎಂದು ಕೊಂಬೆಯ ಕಡೆ ನೋಡಿದ. ಬೇಡ ಎಂದಳು ಅತ್ತಿಗೆ. ಅಷ್ಟು ಗಟ್ಟಿಯಾಗಿ ಆಕೆ ಆ ದಿನ ಬೇರೆ ಯಾವ ಮಾತನ್ನೂ ಆಡಿರಲಿಲ್ಲ. ಮುದುಕ ಕತ್ತಿಯನ್ನು ಮತ್ತೆ ಸೊಂಟಕ್ಕೆ ಸೇರಿಸಿದ. ಗೇಟಿನಲ್ಲಿ ಮತ್ತೆ ಚಪ್ಪಲಿ ಉಜ್ಜಿಸಿದ, ಜೇಬು ಕೊಡವಿಸಿದ. ಅತ್ತಿಗೆಯ ಮುಷ್ಟಿ ಮಾತ್ರ ಬಿಚ್ಚಲು ಹೇಳಲಿಲ್ಲ. ಹೂವು ಮೇಜಿನ ಮೇಲೆ ಬಾಡಿತ್ತು, ಆಕೆ ಅದನ್ನು ಮುಟ್ಟಲಿಲ್ಲ.

ಕಚೇರಿ ತಲುಪಿದಾಗ ಸಂಜೆ ಐದು. ಉಳಿದಿಬ್ಬರು ಟೀ ಕುಡಿಯುತ್ತಿದ್ದರು. ಹದ್ದಕ್ಕ ಅವರನ್ನು ಹೊರಗೆ ಹೋಗಿ ಎನ್ನಲಿಲ್ಲ. ನಿರ್ದೇಶಕರ ಕೋಣೆಯ ಬಾಗಿಲು ತಟ್ಟಿ, ದಯವಿಟ್ಟು ಬನ್ನಿ, ನೀವೂ ನೋಡಬೇಕಾದದ್ದು ಇದೆ ಎಂದು ಕರೆದಳು. ಅಣ್ಣ ಕೂರುತ್ತಿದ್ದ ಸ್ಟೂಲನ್ನು ಅತ್ತಿಗೆಗೆ ಎಳೆದುಕೊಟ್ಟಳು. ಕಡತ ತೆರೆದಳು.

ಮೊದಲ ಚಿತ್ರ ಬಂತು. ಎಲೆ, ಹುಲ್ಲು, ಬಿಸಿಲು. ಯಾರಿಗೂ ಏನೂ ಕಾಣಲಿಲ್ಲ. ಎರಡನೆಯದು, ಮೂರನೆಯದು. ಅವಳು ಬೆರಳಿಟ್ಟು ತೋರಿಸಿದಳು: ಹುಲ್ಲು ಅಲುಗಿಲ್ಲ, ಇದು ಮಾತ್ರ ಅಲುಗಿದೆ. ಐವತ್ತರ ಹತ್ತಿರ ಕರವಸ್ತ್ರ ಬಂದಾಗ ಉಳಿದಿಬ್ಬರಲ್ಲಿ ಒಬ್ಬಳು ಬಾಯಿಗೆ ಸೆರಗು ಒತ್ತಿಕೊಂಡಳು. ನಿರ್ದೇಶಕರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದು ನಿಂತರು. ಅತ್ತಿಗೆ ಕಣ್ಣು ಮಿಟುಕಿಸದೆ ನೋಡಿದಳು. ಎರಡನೇ ದಿನದ್ದರಲ್ಲಿ ಕೊಂಬೆ ಅಲುಗುವುದು ಕಡಿಮೆಯಾಗುತ್ತ ಬಂತು. ಮೂರು ಸಲದ ಬದಲು ಎರಡು, ಎರಡರ ಬದಲು ಒಂದು. ಇನ್ನೂರ ಹನ್ನೆರಡನೆಯದರಲ್ಲಿ ತುದಿಯ ಒಂದು ಎಲೆ ಮಾತ್ರ ಮಸುಕಾಗಿತ್ತು. ಆ ಕ್ಯಾಮೆರಾದ ಮುಂದಿನ ಚಿತ್ರ ಜಿಂಕೆಯ ಕಡತದಲ್ಲಿತ್ತು, ಅದನ್ನೂ ತೆರೆದಳು: ಮರುದಿನ ಬೆಳಗಿನದು, ತಾಯಿ ಜಿಂಕೆ ಮತ್ತು ಆಗಷ್ಟೇ ಹುಟ್ಟಿದ ಮರಿ. ಆ ಮರಿಯನ್ನು ಕಂಡು ಅವತ್ತು ಹದ್ದಕ್ಕ ಎಲ್ಲರನ್ನೂ ಕರೆದು ತೋರಿಸಿ ಖುಷಿಪಟ್ಟಿದ್ದಳು.

ಕೆಳಗಿನ ಅಂಗಡಿಯಲ್ಲಿ ಬಣ್ಣದ ಡಬ್ಬಿ ಅಲ್ಲಾಡಿಸುವ ಯಂತ್ರದ ಸದ್ದು ಕೇಳುತ್ತಿತ್ತು.

“ಇವು ಅಳಿಸಿಹೋಗದ ಹಾಗೆ ಮಾಡೋಕೆ ಏನು ಮಾಡಬೇಕು?” ಅತ್ತಿಗೆ ಕೇಳಿದಳು.

ಗಾಳಿ ಎಂದಿರುವುದನ್ನು ತೆಗೆದು ಮನುಷ್ಯ ಎಂದು ಮಾಡಬೇಕು, ಮನುಷ್ಯ ಎಂದಿರುವುದನ್ನು ಯಂತ್ರ ಅಳಿಸುವುದಿಲ್ಲ ಎಂದಳು ಹದ್ದಕ್ಕ.

“ಮಾಡಿ.”

ಹದ್ದಕ್ಕ ಮೊದಲ ಚಿತ್ರಕ್ಕೆ ಹೋದಳು. ಅಲ್ಲಿಂದ ಅವಳ ಕೈ ಎಂಟು ವರ್ಷದ ರೂಢಿಯಂತೆ ತಾನಾಗಿಯೇ ಕೊನೆಯ ಚಿತ್ರಕ್ಕೆ ಜಾರಿ, ನಡುವಿನದನ್ನೆಲ್ಲ ಒಟ್ಟಿಗೆ ಆರಿಸಿಬಿಟ್ಟಿತು. ಪರದೆಯ ಮೇಲೆ ಇನ್ನೂರ ಹನ್ನೆರಡೂ ಒಮ್ಮೆಲೇ ನೀಲಿಯಾದವು.

ಬಟ್ಟೆ ಸುತ್ತಿದ ಬೆರಳಿನ ಕೈಯೊಂದು ಬಂದು ಅವಳ ಮಣಿಕಟ್ಟನ್ನು ಹಿಡಿಯಿತು.

“ಒಟ್ಟಿಗೆ ಬೇಡ” ಎಂದಳು ಅತ್ತಿಗೆ. “ಒಂದೊಂದಾಗಿ.”

ಹದ್ದಕ್ಕ ಆರಿಸಿದ್ದನ್ನೆಲ್ಲ ಬಿಟ್ಟು ಮೊದಲನೆಯದನ್ನು ತೆರೆದಳು. ನೋಡಿದಳು. ಮನುಷ್ಯ ಎಂದು ಒತ್ತಿದಳು. ಎರಡನೆಯದನ್ನು ತೆರೆದಳು.